ವರ್ನಾಳ ಕೈಗುಣ

ಅಂಗಡಿಯಲ್ಲಿ ಕೂತವರಿಗೆಲ್ಲ ಗೊತ್ತಿರುವ ಸಂಗತಿ: ಅಗ್ಗದ ಮಾಲು ತುಸು ಸಪ್ಪೆಯಾಗಿರಬೇಕು. ಅದೇ ಸೊಗಸಾಗಿದ್ದರೆ ಪಕ್ಕದ ದುಬಾರಿ ಮಾಲನ್ನು ನೊಣವೂ ಮೂಸುವುದಿಲ್ಲ. ವರ್ನಾ ಹಾಲ್ವರ್ಸನ್‌ಗೆ ಈ ಬುದ್ಧಿ ಬರುವ ಹೊತ್ತಿಗೆ ತಲೆ ನೆರೆತಿತ್ತು.

ಉತ್ತರ ಮಿನೆಸೋಟಾದ ಗಣಿ ಊರುಗಳ ಶಾಲೆಗಳನ್ನು ಸುತ್ತುವುದೇ ಅವಳ ಕೆಲಸ. ಮಾತು ಬಾರದ, ಕೈ ಹಿಡಿತವಿಲ್ಲದ, ಕಣ್ಣು ಮಸುಕಾದ ಮಕ್ಕಳನ್ನು ಪರೀಕ್ಷಿಸಿ, ಯಾರಿಗೆ ಯಾವ ಸಾಧನ ಹೊಂದುತ್ತದೆಂದು ಹೇಳಬೇಕು. ಮೇಲಿನವರು ಒಪ್ಪಿದರೆ ತಂದುಕೊಡಬೇಕು. ಕಾರಿನ ಹಿಂಬದಿಯಲ್ಲಿ ದಪ್ಪ ಹಿಡಿಯ ಪೆನ್ಸಿಲಿನಿಂದ ಹಿಡಿದು ಚಿತ್ರ ಮುಟ್ಟಿದರೆ ದನಿ ತೆಗೆದು ಮಾತಾಡುವ ಯಂತ್ರದವರೆಗೆ ಎಲ್ಲವೂ ಇದ್ದವು. ಯಂತ್ರ ಮಾತ್ರ ಒಂದೇ. ಎಲ್ಲರಿಗೂ ತೋರಿಸಿ ವಾಪಸು ತರುವ ಸ್ಯಾಂಪಲ್ಲು.

ಅವಳ ಹೆಮ್ಮೆಯೆಲ್ಲ ಚಿತ್ರಹಲಗೆಯಲ್ಲಿತ್ತು. ಬಣ್ಣದ ಚಿತ್ರಗಳನ್ನು ಚೌಕವಾಗಿ ಕತ್ತರಿಸಿ, ಮಗುವಿನ ಕೈ ಎಟಕುವ ಕಡೆಗೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಕೊಡುತ್ತಿದ್ದಳು. ಮಗು ತನಗೆ ಬೇಕಾದ್ದನ್ನು ಮುಟ್ಟಿ ತೋರಿಸಬೇಕು. ಚರ್ಚಿನ ಊಟದಲ್ಲಿ ಗೆಳತಿಯರು, "ನಿನ್ ಹಲಗೆ ನೋಡಿದ್ರೆ ಬಾಯಿದ್ದೋರೂ ಸುಮ್ನಾಗ್ಬಿಡ್ತಾರೆ ಕಣೇ" ಎಂದು ರೇಗಿಸುತ್ತಿದ್ದರು. ಅವಳು ಹೋಗ್ರೇ ಎನ್ನುತ್ತಲೇ ಇನ್ನೊಂದು ತುಂಡು ಕೇಕು ಹಾಕಿಸಿಕೊಳ್ಳುತ್ತಿದ್ದಳು.

ಬ್ರಿನ್ ಕೊಸ್ಕಿ ಎಂಟರ ಹುಡುಗಿ. ಗಾಲಿಕುರ್ಚಿಯಲ್ಲೇ ಬಾಳು, ಮಾತಿಲ್ಲ. ಬಲಗೈಯ ಒಂದು ಗೆಣ್ಣು ಮಾತ್ರ ಹೇಳಿದ ಕಡೆ ಹೋಗುತ್ತಿತ್ತು. ಮೊದಲ ದಿನ ವರ್ನಾ ಅವಳ ಮುಂದೆ ಯಂತ್ರವಿಟ್ಟು, ಪೆಟ್ಟಿಗೆ ಜೋಡಿಸಲು ಆಚೆ ತಿರುಗಿದಳು. ಹಿಂದಿನಿಂದ ಯಂತ್ರ ನುಡಿಯಿತು: "ಬೆನ್ನು. ಅಂಟು." ತಡಕಿ ನೋಡಿದರೆ ಸ್ವೆಟರಿಗೆ ಒಂದು ಮಾರು ಅಂಟುಪಟ್ಟಿ ಬಾಲದಂತೆ ಜೋತಿತ್ತು. ಬ್ರಿನ್ ಕುರ್ಚಿ ಅಲ್ಲಾಡುವಂತೆ ನಕ್ಕಳು.

ಅವಳ ತಾಯಿ ಡಾರ್ಲಾ ನಗಲಿಲ್ಲ. "ಮುಖ ತಿರುಗಿಸ್ಕೊಂಡೋರ ಹತ್ರ ಅವಳು ಮಾತಾಡಿದ್ದು ಇದೇ ಮೊದ್ಲು. ಅವಳಿಗೆ ಇದೇ ಬೇಕು ವರ್ನಾ. ಕೊಡಿಸ್ತೀಯ ತಾನೇ?"

"ಕೊಡಿಸ್ದೇ ಬಿಡ್ತೀನಾ!"

ಆದರೆ ಅಲ್ಲಿಯ ಪದ್ಧತಿಯೇ ಬೇರೆ. ಮೊದಲು ಅಗ್ಗದ್ದನ್ನು ಕೊಟ್ಟು ನೋಡಬೇಕು. ಅದರಲ್ಲೇ ಮಗು ಸುಧಾರಿಸಿಕೊಂಡರೆ ಮುಂದಿನದರ ಮಾತೆತ್ತುವಂತಿಲ್ಲ. ಇದು ವರ್ನಾಳ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಬ್ರಿನ್ನಳ ಗೆಣ್ಣಿನ ಓಟ ಅಳೆದು, ಜನ್ಮದಲ್ಲೇ ಮಾಡದಂಥ ಹಲಗೆ ಮಾಡಿಕೊಟ್ಟಳು. ಚಳಿಗಾಲ ಮುಗಿಯುವುದರೊಳಗೆ ಹುಡುಗಿ ಅದರ ಮೇಲೆ ಊಟ ಕೇಳಿದಳು, ಲೆಕ್ಕ ಮಾಡಿದಳು, ಬಸ್ಸಿನ ಡ್ರೈವರನ್ನು ಆಮೆ ಎಂದು ಅಣಕಿಸಿದಳು.

ಯಾವ ಮಗುವಿಗೆ ಏನು ಕೊಡಬೇಕೆಂದು ತೀರ್ಮಾನಿಸುವ ಶಾಲೆಯ ಸಭೆಯಲ್ಲಿ ಖರ್ಚಿನ ಕೀಲಿಕೈ ಇದ್ದದ್ದು ಟ್ರೆಂಟ್ ಓಲ್‌ಸ್ಟಾಡ್ ಎಂಬ ಅಧಿಕಾರಿಯ ಬಳಿ. ಆತ ಹಲಗೆಯನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದ. "ಭೇಷ್ ವರ್ನಾ! ಇಷ್ಟು ಚೆನ್ನಾಗಿ ನಡೀತಿರುವಾಗ ಯಂತ್ರ ಯಾಕೆ?"

"ಹಲಗೆ ಕೂಗಲ್ಲ ಟ್ರೆಂಟ್. ಯಾರಾದ್ರೂ ನೋಡಿದ್ರೇ ಅದು ಮಾತು."

"ಪಕ್ಕದಲ್ಲಿ ಸಹಾಯಕಿ ಇರ್ತಾಳಲ್ಲ?"

ಆ ಸಹಾಯಕಿ ನಾಲ್ಕು ಮಕ್ಕಳ ಮೂಗು ಒರೆಸಬೇಕಿತ್ತು. ವರ್ನಾ ಅದನ್ನೂ ಹೇಳಿದಳು. ಬರುವ ವರ್ಷ ಮತ್ತೆ ನೋಡೋಣ ಎಂದು ಟ್ರೆಂಟ್ ಎದ್ದ.

ಹೊರಗೆ ಹಿಮದಲ್ಲಿ ಡಾರ್ಲಾ ತಡೆದು ನಿಲ್ಲಿಸಿದಳು. "ನಿನ್ ಕೈಗುಣ ತೋರ್ಸೋಕೆ ನನ್ ಮಗಳೇ ಬೇಕಿತ್ತಾ? ಮುಂದಿನ ಸಲ ಕೆಟ್ಟದಾಗಿ ಮಾಡು."

ಕೆಟ್ಟದಾಗಿ ಮಾಡುವುದಕ್ಕೂ ಕಸುಬು ಬೇಕು. ಮರುವರ್ಷ ವರ್ನಾ ಹಲ್ಲು ಕಚ್ಚಿಕೊಂಡು ಚೌಕಗಳನ್ನು ಸೊಟ್ಟಗೆ ಕತ್ತರಿಸಿದಳು. ಬಣ್ಣ ಮಾಸಿದ ಚಿತ್ರಗಳನ್ನು ಒತ್ತೊತ್ತಾಗಿ ಅಂಟಿಸಿದಳು, ಮುಖ್ಯವಾದವನ್ನೆಲ್ಲ ಗೆಣ್ಣು ಎಟಕದ ಮೂಲೆಗೆ ತಳ್ಳಿದಳು. ಹಳೆಯದು ಹಾಳಾಯಿತೆಂದು ಸುಳ್ಳು ಹೇಳಿ ಇದನ್ನು ಸಭೆಗೆ ತಂದಿಟ್ಟಳು.

ಟ್ರೆಂಟ್ ಪ್ರಶ್ನೆ ಕೇಳಿದ. ಬ್ರಿನ್ ಹಲಗೆಯನ್ನು ನೋಡಿದಳು, ವರ್ನಾಳನ್ನು ನೋಡಿದಳು. ಪಾಪ, ವರ್ನಾಗೆ ವಯಸ್ಸಾಯಿತು, ಕೈ ನಡುಗುತ್ತದೆ ಎಂದುಕೊಂಡಳೋ ಏನೋ. ಇವಳ ಮಾನ ಉಳಿಸಲೇಬೇಕು ಎಂಬಂತೆ ಭುಜ ಎಳೆದು, ಬೆವರಿ, ಜೊಲ್ಲು ಸುರಿಸಿಕೊಂಡು ಮೂಲೆ ಮೂಲೆಗೂ ಗೆಣ್ಣು ಮುಟ್ಟಿಸಿದಳು. ಒಂದೂ ತಪ್ಪಲಿಲ್ಲ. ಮುಗಿದ ಮೇಲೆ ವರ್ನಾಳತ್ತ ತಿರುಗಿ ಶಹಬ್ಬಾಸ್‌ಗಿರಿಗೆ ಕಾದಳು.

"ಶಹಬ್ಬಾಸ್ ಮಗಳೇ," ಎಂದಳು ವರ್ನಾ. ಇನ್ನೇನು ಹೇಳಿಯಾಳು?

ಟ್ರೆಂಟ್ ಚಪ್ಪಾಳೆ ತಟ್ಟಿದ. "ಇಂಥಾದ್ರಲ್ಲೇ ಇಷ್ಟು ಅಂದ್ರೆ! ಇನ್ನು ಹಲಗೆ ಕೂಗಲ್ಲ ಅಂದಿದ್ರಲ್ಲ, ಆ ಕರೆಯೋ ವಿಷಯ ತಾನೇ? 'ಇತ್ತ ನೋಡಿ' ಅಂತ ಒಂದು ಚೌಕ ಸೇರಿಸ್ಬಿಡಿ."

ಯಾರೂ ನಗಲಿಲ್ಲ; ಆತ ತಮಾಷೆಗೆ ಹೇಳಿರಲಿಲ್ಲ. ಸಭೆ ಅದನ್ನೇ ಬರೆದುಕೊಂಡಿತು.

ಡಾರ್ಲಾ ಮಗಳ ಮುಖ ಒರೆಸುತ್ತ ಮೆಲ್ಲಗೆ ಕೇಳಿದಳು: "ಇವತ್ತೊಂದಿನ ತಪ್ಪು ಹೇಳೇ ಅಂತ ಅವಳಿಗೆ ಮೊದ್ಲೇ ಹೇಳ್ಬಹುದಿತ್ತಲ್ಲ?"

"ಬಾಯಿ ಬರ್ಲಿಲ್ಲ."

"ಬಾಯಿ ಇರೋರ ಪಾಡೇ ಇಷ್ಟು ನೋಡು," ಎಂದು ಡಾರ್ಲಾ ಕುರ್ಚಿ ತಳ್ಳಿಕೊಂಡು ಹೋದಳು.

ವರ್ನಾ ಹೊಸ ಹಲಗೆ ಮಾಡಿದಳು, ಈ ಸಲ ಮನಸ್ಸಿಟ್ಟು. 'ಇತ್ತ ನೋಡಿ' ಎಂಬ ಕೆಂಪು ಚೌಕವನ್ನು ಗೆಣ್ಣಿಗೆ ತೀರ ಹತ್ತಿರದಲ್ಲೇ ಅಂಟಿಸಿದಳು. ಅದನ್ನು ಕೊಟ್ಟ ಮುಂದಿನ ವಾರ ತರಗತಿಯ ಬಾಗಿಲಲ್ಲಿ ಬಂದು ನಿಂತಾಗ ಟೀಚರು ಗೋಡೆಯ ಕಡೆ ತಿರುಗಿ ಬರೆಯುತ್ತಿದ್ದಳು, ಸಹಾಯಕಿ ಯಾರದೋ ಬೂಟು ಹುಡುಕುತ್ತಿದ್ದಳು. ಬ್ರಿನ್ ಗೆಣ್ಣನ್ನು 'ಇತ್ತ ನೋಡಿ'ಯ ಮೇಲೆ ಒತ್ತಿ ಹಿಡಿದು ಕೂತಿದ್ದಳು, ಬಹಳ ಹೊತ್ತಿನಿಂದ ಇರಬೇಕು, ಗೆಣ್ಣು ಬಿಳಿಚಿಕೊಂಡಿತ್ತು.