ಬಯಲಿಗೆ ಕರೆದ ಮುನಿಯಪ್ಪಮಾವ

ಮುನಿಯಪ್ಪಮಾವನ ಗಂಟಲಿಗೆ ನಮ್ಮ ಗಣಿ ಲೈನ್ ಮನೆಗಳೆಲ್ಲ ಹೆದರುತ್ತಿದ್ದವು. ಕೆಜಿಎಫ್‌ನಲ್ಲಿ ಗಣಿ ನಡೆಯುತ್ತಿದ್ದ ಕಾಲ. ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಪಾತ್ರೆಪಡಗ ಗಡಗಡ ಅನ್ನುತ್ತಿದ್ದವು. ಅದಕ್ಕೆ ನಾವು ಬರ್ಸ್ಟ್ ಅನ್ನುತ್ತಿದ್ದೆವು. ಆ ಸದ್ದು ನಿಲ್ಲುವ ಮೊದಲೇ ಮಾವ ಬೀದಿಗೆ ಬಂದು ನಿಂತಿರುತ್ತಿದ್ದ.

"ಈಚಿಕ್ ಬರ್ರಿ, ಬೈಲಾಗ್ ಕುಂತ್ಕಳ್ರಿ. ಇನ್ನೊಂದು ಬತ್ತದೆ. ನಾನ್ ಯೋಳೋಗಂಟ ಯಾರೂ ಒಳಕ್ಕೋಗ್ಬ್ಯಾಡ್ರಿ."

ಅನ್ನ ಸೀದರೂ ಅಷ್ಟೇ, ಬಾಣಂತಿಯಾದರೂ ಅಷ್ಟೇ, ಎಲ್ಲರೂ ಬಯಲಲ್ಲಿರಬೇಕು. ಒಮ್ಮೆ ನನ್ನ ಗಂಡ ಲುಂಗಿ ಹುಡುಕುತ್ತ ಒಳಗೇ ಉಳಿದಿದ್ದಕ್ಕೆ ಮಾವ ನುಗ್ಗಿ, ಚಡ್ಡಿಯಲ್ಲೇ ಎಳೆದು ತಂದ. ಹೆಂಗಸರೆಲ್ಲ ನಕ್ಕೆವು. ನಗು ಮುಗಿಯುವಷ್ಟರಲ್ಲಿ ಇನ್ನೊಂದು ಬರ್ಸ್ಟ್ ಆಗಿ ನಮ್ಮನೆಯ ಹಿಂದಿನ ಗೋಡೆ ಮಂಚದ ಮೇಲೆ ಬಿತ್ತು. ಅವತ್ತಿನಿಂದ ಅವನ ಮಾತೆಂದರೆ ನಮಗೆ ವೇದವಾಯಿತು. ಅವನಿಗೂ ಜಂಬ ಬಂತು, ಸುಳ್ಳೇಕೆ ಹೇಳಲಿ.

ಅವನ ಒಬ್ಬಳೇ ಮಗಳು ರತ್ನ. ತಾಯಿಲ್ಲದ ಕೂಸು, ನಮ್ಮನೆಯಲ್ಲೇ ಉಂಡು ಬೆಳೆದವಳು. ಗಣಿ ಮುಚ್ಚಿದಾಗ ಅವಳ ಗಂಡ ಸೆಲ್ವಂ ನಾಗಪಟ್ಟಣದ ಕಡೆ ಮೀನಿಗೆ ಐಸ್ ಮಾಡುವ ಫ್ಯಾಕ್ಟರಿ ಸೇರಿದ. ಗಣಿ ಮುಚ್ಚದಿದ್ದರೆ ಅವಳು ಆ ಊರಿನ ಹೆಸರೂ ಕೇಳುತ್ತಿರಲಿಲ್ಲ.

ಸಮುದ್ರದಡಿ ಭೂಮಿ ನಡುಗಿದ ಆ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಫೋನ್ ಬಂತು. ಗೋಡೆ ಅಲ್ಲಾಡ್ತು, ಭಯ ಆಗ್ತಿದೆ, ಅಪ್ಪನ್ನ ಕರೀರಿ ಅಂದಳು ರತ್ನ. ಮಾವ ಓಡಿ ಬಂದು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಯಲು ಇದೆಯಾ ಎಂದು ಕೇಳಿದ. ಮನೆಯೆದುರೇ ಮರಳಿದೆ, ಅದರಾಚೆ ಸಮುದ್ರ ಅಂದಳು.

"ಅಲ್ಲೇ ಓಗಿ ಕುಂತ್ಕ ನನ್ನವ್ವ. ಇನ್ನೊಂದು ಬತ್ತದೆ, ಬಿರ್ರನೆ ಒಳಕ್ಕೋಗ್ಬ್ಯಾಡ."

ಆಮೇಲೆ ನಮ್ಮನೆಯಲ್ಲೇ ಕಾಫಿ ಕುಡಿದ. ನನ್ನ ಮಗಳು ಮಾತು ಕೇಳ್ತಾಳೆ ಎಂದು ಹೆಮ್ಮೆಪಟ್ಟ. ನಾನೂ ಹೂಂ ಅಂದೆ. ನೆಲ ನಡುಗಿದರೆ ಏನು ಮಾಡಬೇಕೆಂದು ನಮಗೆ ಗೊತ್ತಿತ್ತು. ಸಮುದ್ರವನ್ನು ಮಾತ್ರ ನಾವ್ಯಾರೂ ಸಿನಿಮಾದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಟೀವಿಯಲ್ಲಿ ನಾಗಪಟ್ಟಣಕ್ಕೆ ನುಗ್ಗಿದ ಸುನಾಮಿ ಅಲೆ ತೋರಿಸಿದರು.

ಬಂಗಾರಪೇಟೆಯಲ್ಲಿ ರೈಲು ಹಿಡಿದು ಮಾವನ ಜೊತೆ ನಾನೂ ಹೋದೆ. ಅಷ್ಟರಲ್ಲಿ ರತ್ನಳನ್ನು ಹೂಳಿದ್ದರು. ರಾತ್ರಿಪಾಳಿಗೆ ಹೋಗಿ ಇನ್ನೂ ಮನೆಗೆ ಬಾರದಿದ್ದ ಸೆಲ್ವಂ ಬದುಕಿದ್ದ. ಊರು ಅನ್ನುವುದೇ ಇರಲಿಲ್ಲ. ದೋಣಿಗಳು ರಸ್ತೆಯಲ್ಲಿ ಬಿದ್ದಿದ್ದವು, ಬದುಕಿ ಉಳಿದವರು ಒಂದು ಶಾಲೆಯಲ್ಲಿದ್ದರು. ಅಲ್ಲಿ ರತ್ನಳ ಪಕ್ಕದ ಮನೆಯ ಹೆಂಗಸು ನನಗೆ ತಮಿಳಿನಲ್ಲಿ ಎಲ್ಲ ಹೇಳಿದಳು. ನಡುಕ ನಿಂತ ಮೇಲೆ ಇವರೆಲ್ಲ ಅಡುಗೆಗೆಂದು ಎದ್ದರಂತೆ. ರತ್ನ ಬಿಡಲಿಲ್ಲವಂತೆ. ನಮ್ಮಪ್ಪ ಚಿನ್ನದ ಗಣಿಯಲ್ಲಿದ್ದವರು, ಅವರಿಗೆ ಗೊತ್ತು, ಇನ್ನೊಂದು ಬರುತ್ತೆ ಎಂದು ಬೀದಿಯ ಮಕ್ಕಳನ್ನೂ ಕರೆದು ಮರಳಿನ ಮೇಲೆ ಕೂರಿಸಿದಳಂತೆ. ಆ ಮಕ್ಕಳಲ್ಲಿ ಈ ಪಕ್ಕದ ಮನೆಯವಳ ಇಬ್ಬರೂ ಇದ್ದರು. ಇವಳ ಕೈಗೆ ತೆಂಗಿನಮರ ಸಿಕ್ಕಿತು, ಅವರು ಸಿಗಲಿಲ್ಲ.

ಸೆಲ್ವಂ ತಲೆ ತಗ್ಗಿಸಿದ. ನಾನು ಮಾವನ ಕೈ ಜಗ್ಗಿದೆ, ಸುಮ್ಮನಿರಲಿ ಎಂದು. ಅವನು ಕೈ ಬಿಡಿಸಿಕೊಂಡು, ಆ ಅಪ್ಪ ನಾನೇ ಎಂದು ತಮಿಳಿನಲ್ಲೇ ಅವಳಿಗೆ ಹೇಳಿದ.

ಅವಳು ಅವನ ಮುಖ ನೋಡಿದಳು. ಆಮೇಲೆ ಊಟ ಆಯಿತಾ ಎಂದು ಕೇಳಿ, ತನಗೆ ಕೊಟ್ಟಿದ್ದ ಅನ್ನದ ಪೊಟ್ಟಣವನ್ನು ಅವನ ಮುಂದೆ ಇಟ್ಟಳು.

ವಾಪಸು ಬಂದು ಬಂಗಾರಪೇಟೆಯಲ್ಲಿ ಇಳಿದ ಮೇಲೆ ಮಾವ ಪ್ಲಾಟ್‌ಫಾರಂನಲ್ಲೇ ಕೂತುಬಿಟ್ಟ. "ಆವಮ್ಮ ನನ್ನ ಮಕಕ್ಕೆ ಉಗಿದಿದ್ರೆ ಬದುಕ್ಕೊತಿದ್ದೆ ಕಣಮ್ಮಾ," ಅಂದ.

ಊರವರು ಹಣೆಬರಹ ಅಂದರು, ನೀನು ಒಳ್ಳೇದಕ್ಕೇ ಹೇಳಿದ್ದೆ ಅಂದರು. ಆ ಸಮಾಧಾನ ಕೇಳಿ ಕೇಳಿ ನನಗೇ ಮೈ ಉರಿಯುತ್ತಿತ್ತು. ಹೋದ ವರ್ಷ ಮಾವ ತೀರಿಕೊಂಡ. ಅಲ್ಲಿಯ ತನಕ ಅವನನ್ನು ಯಾರೂ ಬೈಯಲಿಲ್ಲ.