ಕೂಸಿಲ್ಲದ ಬಾಣಂತನ

ಅಕ್ಷರ ದುಂಡಗಿಲ್ಲ, ಪದಗಳೂ ಸಾಲದು. ಓದುವವರು ಕ್ಷಮಿಸಬೇಕು. ಶಾಲೆ ಬಿಟ್ಟು ವರ್ಷವಾಯಿತು. ‘ನಾನು’ ಎಂದು ಬರೆಯಹೊರಟರೆ ಕೈ ನಿಂತುಬಿಡುತ್ತದೆ, ಅದಕ್ಕೆ ಮಗಳನ್ನು ಹೆಸರು ಹಿಡಿದೇ ಕರೆದಿದ್ದೇನೆ. ಹೇಳಬೇಕಾಗಿರುವುದು ಅವಳ ಅಮ್ಮನ ವಿಷಯ.

ಅಮ್ಮನ ಹೆಸರು ಲಾವ್ ಸುಯ್‌ಹಿಂಗ್. ಮದುವೆಗೆ ಮುಂಚೆ ಹಾಂಗ್‌ಕಾಂಗಿನಲ್ಲಿ ಪ್ಲಾಸ್ಟಿಕ್ ಹೂ ಮಾಡುವ ಕಾರ್ಖಾನೆಯಲ್ಲಿದ್ದವಳು. ಆಸ್ಟ್ರೇಲಿಯಾದ ಮಿಲ್ಡುರಾ ಊರಿನಲ್ಲಿ ಗಂಡ ವಿಂಗ್‌ಟಾಕ್‌ನ ಊಟದಂಗಡಿಗೆ ಅವಳೇ ಬಲಗೈ. ಗಿರಾಕಿಗಳ ಹೆಸರು ಅವಳ ನಾಲಿಗೆಗೆ ಹತ್ತುತ್ತಿರಲಿಲ್ಲ. ಅವರವರು ತಿನ್ನುವುದೇ ಅವರವರ ಹೆಸರು. “ಹುಳಿಸಿಹಿ ಹಂದಿ ಬಂದ ನೋಡು, ಇವತ್ತು ಹೆಂಡ್ತಿ ಜೊತೆ ಜಗಳ ಆಡಿದಾನೆ, ಎರಡು ಪ್ಲೇಟು ಹಾಕು” ಎಂದು ಅವನ ಎದುರಿಗೇ ಕ್ಯಾಂಟನೀಸಿನಲ್ಲಿ ಹೇಳಿ, ಅವನಿಗೆ ಕೈಮಾಡಿ ನಗುತ್ತಿದ್ದಳು. ಅವನೂ ನಗುತ್ತಿದ್ದ.

ಮಗಳು ಫಾಂಗ್‌ಗೆ ಎಂಟು ವರ್ಷವಾಗಿದ್ದಾಗ ತಮ್ಮ ಶೂನ್‌ಕೀ ಹುಟ್ಟಿದ. ಆಗ ಅಂಗಡಿ ಬೇರೆ ಊರಿನಲ್ಲಿತ್ತು. ಹೆತ್ತವಳು ಒಂದು ತಿಂಗಳು ಹೊರಗಿನ ಗಾಳಿ ಸೋಕದಂತೆ ಕೂರಬೇಕು. ಆದರೆ ದ್ರಾಕ್ಷಿ ಕೊಯ್ಲಿನ ಕಾಲ, ಅಂಗಡಿಯ ಮುಂದೆ ಕೂಲಿಯವರ ಸಾಲು. ನಾಲ್ಕನೆಯ ದಿನವೇ ಸುಯ್‌ಹಿಂಗ್ ಒಲೆಯ ಮುಂದೆ ನಿಂತಳು. ಮೂರು ತಿಂಗಳಿಗೆ ಮಗುವನ್ನು ಹಾಂಗ್‌ಕಾಂಗಿಗೆ, ಅಜ್ಜಿಯ ಬಳಿಗೆ ಕಳಿಸಿದರು. ಎರಡೇ ವರ್ಷ ಎಂದಿದ್ದರು, ಎಂಟಾದವು. ಮಿಲ್ಡುರಾಕ್ಕೆ ಬಂದ ಮೇಲೆ ಅವನ ಸುದ್ದಿಯನ್ನು ಯಾರೂ ಯಾರ ಮುಂದೆಯೂ ಎತ್ತಲಿಲ್ಲ. ಹೊಸವರ್ಷಕ್ಕೊಮ್ಮೆ ಫೋನಿನಲ್ಲಿ ಅವನ ದನಿ ಕೇಳುತ್ತಿತ್ತು, ಅಷ್ಟೆ.

ಹೋದ ವರ್ಷ, ಹೊಸವರ್ಷದ ದಿನ ಅವನು ಫೋನು ಹಿಡಿದುಕೊಂಡೇ ಅಜ್ಜಿಯನ್ನು ಕೇಳಿದ, “ಅಮ್ಮಾ, ಇದು ಯಾವ ಆಂಟಿ?”

ಸುಯ್‌ಹಿಂಗ್ ಫೋನನ್ನು ಮೆಲ್ಲಗೆ ಕೆಳಗಿಟ್ಟಳು. ಆಮೇಲೆ ಹುಳಿಸಿಹಿ ಹಂದಿ ಯಾರು, ಹುರಿದ ಅನ್ನ ಯಾರು ಎಂಬುದೂ ಅವಳಿಗೆ ಮರೆತುಹೋಯಿತು. ಬಾಣಲೆಯನ್ನು ಉರಿಯ ಮೇಲೆ ಬಿಟ್ಟು ಮರ್ರೆ ನದಿಯ ದಂಡೆಗೆ ನಡೆದುಬಿಡುತ್ತಿದ್ದಳು. ಒಂದು ಮಧ್ಯಾಹ್ನ ಕಾದ ಎಣ್ಣೆಯೊಳಗೆ ಬೆರಳಿಳಿಸಿ ಸುಮ್ಮನೆ ನೋಡುತ್ತ ನಿಂತಿದ್ದಳು. ಆ ವಾರವೇ ಫಾಂಗ್ ಶಾಲೆ ಬಿಟ್ಟಳು. ಅಮ್ಮನನ್ನು ಕಾಯುವುದು ಅವಳ ಕೆಲಸವಾಯಿತು.

ವರ್ಷವಿಡೀ ಏನೂ ಸುಧಾರಿಸಲಿಲ್ಲ. ಡಿಸೆಂಬರಿನಲ್ಲಿ ಅಪ್ಪನ ಅಕ್ಕ ಮೆಲ್ಬರ್ನಿನಿಂದ ಬಂದು, ನಾದಿನಿಯ ಕಣ್ಣರೆಪ್ಪೆ ಎತ್ತಿ ನೋಡಿದಳು. “ಹಸಿ ಮೈಗೆ ಗಾಳಿ ಹೊಕ್ಕಿದೆ ಕಣೇ. ಇನ್ನೊಂದ್ಸಲ ತಿಂಗ್ಳು ಕೂರಿಸಿ ಅದನ್ನ ಈಚೆಗೆ ತೆಗೀಬೇಕು. ನಿಮ್ಮಪ್ಪನ್ ಕೈಲಾಗೋದಲ್ಲ, ಅವನಿಗೆ ಹಂದಿಕಾಲೂ ನೆಟ್ಟಗೆ ಬೇಯ್ಸೋಕೆ ಬರಲ್ಲ. ನೀನೇ ಮಾಡು” ಎಂದು ಏನೇನು ಮಾಡಬೇಕೆಂದು ಹೇಳಿಕೊಟ್ಟು ಹೊರಟುಹೋದಳು.

ಹೇಳಿದ್ದರಲ್ಲಿ ಫಾಂಗ್ ಒಂದನ್ನೂ ಬಿಡಲಿಲ್ಲ. ಕಪ್ಪು ವಿನಿಗರ್‌ನಲ್ಲಿ ಶುಂಠಿ, ಹಂದಿಕಾಲು, ಮೊಟ್ಟೆ ಹಾಕಿ ಎರಡು ದಿನ ಬೇಯಿಸಿದಳು. ಕಿಟಕಿಗಳ ಸಂದಿಗೆಲ್ಲ ಟೇಪು ಅಂಟಿಸಿದಳು, ಬಾಗಿಲಿನ ಕೆಳಗೆ ಟವೆಲು ತುರುಕಿದಳು. ಅಮ್ಮನ ಕಾಲಿಗೆ ಉಣ್ಣೆಯ ಕಾಲುಚೀಲ. ತಲೆಗೆ ನೀರಿಲ್ಲ, ಮೈಗೆ ಸ್ನಾನವಿಲ್ಲ. ಜನವರಿ ತಿಂಗಳು, ಇಲ್ಲಿ ಕಡುಬೇಸಿಗೆ, ಹೊರಗೆ ರಸ್ತೆಯ ಡಾಂಬರು ಚಪ್ಪಲಿಗೆ ಹತ್ತುತ್ತಿತ್ತು. ಕೋಣೆಯೊಳಗೆ ಫಾಂಗ್‌ಗೇ ಕಣ್ಣು ಕತ್ತಲೆಗಟ್ಟುತ್ತಿತ್ತು. ಆದರೂ ಟೇಪು ಕೀಳಲಿಲ್ಲ.

ಅಮ್ಮ ಸುಧಾರಿಸುತ್ತಿದ್ದಳು. ಅದೇ ಮಗಳನ್ನು ಮೋಸಗೊಳಿಸಿತು. ಮೊದಲ ವಾರ ನಿದ್ದೆ ಬಂತು, ಎರಡನೆಯ ವಾರ ಹಸಿವು. “ಶುಂಠಿ ಕಮ್ಮಿ ಹಾಕಿದೀಯ, ಜಿಪುಣಿ” ಎಂದು ಬೈದ ದಿನ ಫಾಂಗ್ ಅಡುಗೆಮನೆಗೆ ಹೋಗಿ ಸಂತೋಷಕ್ಕೆ ಅತ್ತಳು. ಕೊನೆಯ ವಾರ ಅಮ್ಮ ತಾನೇ ಮೊಟ್ಟೆ ಬೇಯಿಸಿಕೊಡಲು ಹೇಳಿ, ಮಂಚದ ಮೇಲೆ ಕೂತು ಒಂದೊಂದಕ್ಕೂ ಕೆಂಪು ಬಣ್ಣ ಹಚ್ಚಿದಳು. ಕೂಸಿಗೆ ತಿಂಗಳು ತುಂಬಿದಾಗ ಹಂಚುವ ಮೊಟ್ಟೆಗಳವು. ಫಾಂಗ್‌ಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅಮ್ಮನ ಕೈಕೆಲಸ ಮರಳಿತೆಂದುಕೊಂಡಳು.

ಮೂವತ್ತನೆಯ ದಿನ ಬೆಳಿಗ್ಗೆ ಸುಯ್‌ಹಿಂಗ್ ತಲೆ ಬಾಚಿ, ಒಳ್ಳೆಯ ಅಂಗಿ ತೊಟ್ಟು ಕೂತಿದ್ದಳು.

“ಎಲ್ಲಿ ಮಗು? ಕರ್ಕೊಂಡ್ ಬಾ.”

ಏನು ಹೇಳಬೇಕೆಂದು ಅತ್ತೆ ಹೇಳಿಕೊಟ್ಟಿರಲಿಲ್ಲ. ಫಾಂಗ್ ಹೇಳಿದಳು, “ಮಲಗಿದಾನೆ ಅಮ್ಮ.”

“ಸರಿ, ಎದ್ದ್ ಮೇಲೆ ಕರ್ಕೊಂಡ್ ಬಾ.”

ಮಧ್ಯಾಹ್ನದವರೆಗೂ ಅಮ್ಮ ಕಾದಳು. ಫಾಂಗ್ ಗಂಜಿ ತರಲು ಹೋದಾಗ ಮೊಟ್ಟೆಯ ಬುಟ್ಟಿ ಹಿಡಿದು ಹೊರಬಿದ್ದಳು. ಒಂದೊಂದು ಮನೆಯ ಬಾಗಿಲು ಬಡಿದು, ಒಂದೊಂದು ಮೊಟ್ಟೆ ಕೊಟ್ಟು, ಒಳಗೆ ಇಣುಕಿ ಮಗನನ್ನು ಕೇಳುತ್ತ ಹೋದಳಂತೆ. ಆ ಬಿಸಿಲಿನಲ್ಲಿ, ಉಣ್ಣೆಯ ಕಾಲುಚೀಲದಲ್ಲಿ. ಏಳನೆಯ ಮನೆಯ ಮುಂದೆ ಬಿದ್ದಳು. ಆ ಮನೆ ಹುಳಿಸಿಹಿ ಹಂದಿಯದು. ಆಂಬುಲೆನ್ಸ್ ಕರೆದವನು ಅವನೇ.

ಆಸ್ಪತ್ರೆಯಲ್ಲಿ ಮೂರನೆಯ ದಿನಕ್ಕೆ ಜ್ವರವಿಳಿದು ಕಣ್ಣು ತೆರೆದಳು. ಡಾಕ್ಟರು ಕೇಳಿದ್ದನ್ನು ಅಮ್ಮನಿಗೆ, ಅಮ್ಮ ಹೇಳಿದ್ದನ್ನು ಡಾಕ್ಟರಿಗೆ ದಾಟಿಸಬೇಕಾದವಳು ಫಾಂಗ್. ಹತ್ತು ವರ್ಷದವಳಿದ್ದಾಗಿನಿಂದ ಮನೆಯ ಕಾಗದಪತ್ರಗಳಿಗೆಲ್ಲ ಅವಳೇ ಬಾಯಿ. ಎಷ್ಟು ಮಕ್ಕಳು ಎಂದು ಡಾಕ್ಟರು ಕೇಳಿದರು. ಅಷ್ಟು ಇಂಗ್ಲಿಷ್ ಅಪ್ಪನಿಗೂ ತಿಳಿಯಿತು. ಫಾಂಗ್ ಬಾಯಿ ತೆರೆಯುವ ಮೊದಲೇ ಒಂದು ಬೆರಳೆತ್ತಿ ತೋರಿಸಿದ. ಆಗ ಅಮ್ಮ, “ನನ್ನ ಗಂಡು ಮಗೂನ ಇವರಿಬ್ರೂ ಬಚ್ಚಿಟ್ಟಿದಾರೆ. ಕಿಟಕಿ ಮುಚ್ಚಕ್ಕೆ ಹೇಳು, ಗಾಳಿ ಬರ್ತಿದೆ” ಎಂದಳು.

ಫಾಂಗ್ ಅದನ್ನು ಒಂದು ಪದವೂ ತಪ್ಪದಂತೆ ಇಂಗ್ಲಿಷಿಗೆ ತಿರುಗಿಸಿದಳು. ತನ್ನದೊಂದು ಪದ ಸೇರಿಸಲಿಲ್ಲ. ಡಾಕ್ಟರು ಬರೆದುಕೊಂಡರು: ತಿಂಗಳಿಂದ ಸ್ನಾನವಿಲ್ಲ, ಕಿಟಕಿ ಮುಚ್ಚಿಕೊಳ್ಳುತ್ತಾಳೆ, ಇಲ್ಲದ ಮಗುವನ್ನು ಕೇಳುತ್ತಾಳೆ. ಸೋಮವಾರ ದೂರದ ಮಾನಸಿಕ ಆಸ್ಪತ್ರೆಗೆ ಕಳಿಸುತ್ತೇವೆ, ಎಷ್ಟು ಕಾಲ ಎಂದು ಈಗ ಹೇಳಲಾಗದು ಎಂದರು. ಅಪ್ಪ, ಮಗಳು ಮನೆಗೆ ಹೊರಡುವಾಗ ಅಮ್ಮ ಮಗಳ ತೋಳು ಹಿಡಿದಳು.

“ನೀನಾದ್ರೂ ಹೇಳೇ. ನೀನು ಅವನನ್ನ ಎತ್ತಾಡ್ಸಿದೀಯಲ್ಲ.”

ಫಾಂಗ್ ತೋಳು ಬಿಡಿಸಿಕೊಂಡು ಅಪ್ಪನ ಹಿಂದೆ ನಡೆದಳು.

ವ್ಯಾನಿನಲ್ಲಿ ಅಪ್ಪ ತುಂಬ ಹೊತ್ತು ಕೀಲಿ ತಿರುಗಿಸಲಿಲ್ಲ. “ಮೂರು ತಿಂಗಳ ಕೂಸನ್ನ ಕಳ್ಸಿಬಿಟ್ವಿ ಅಂತ ಇಲ್ಲಿಯೋರಿಗೆ ಹೆಂಗೆ ಹೇಳ್ಲಿ? ಸರ್ಕಾರದೋರು ನಿನ್ನೂ ಕಿತ್ಕೊಂಡು ಹೋದ್ರೆ?” ಎಂದ. ಅವನ ಮೇಲೆ ಫಾಂಗ್‌ಗೆ ಸಿಟ್ಟು ಬರಲಿಲ್ಲ. ಹಾಗೆಂದು ಅವನ ಮಾತನ್ನು ಒಪ್ಪಲೂ ಆಗಲಿಲ್ಲ.

ಇವತ್ತು ಭಾನುವಾರ. ಕಿಟಕಿಯ ಟೇಪು ಕಿತ್ತಾಯಿತು, ಬಣ್ಣವೂ ಜೊತೆಗೇ ಎದ್ದುಬಂತು. ಅಮ್ಮ ಶೂನ್‌ಕೀಯನ್ನು ಎತ್ತಿಕೊಂಡಿರುವ ಒಂದೇ ಫೋಟೋ ಅಕ್ಕಿಡಬ್ಬದ ಹಿಂದೆ ಸಿಕ್ಕಿತು.

ನಾಳೆ ಬೆಳಿಗ್ಗೆ, ಅಮ್ಮನನ್ನು ಕರೆದೊಯ್ಯುವ ಗಾಡಿ ಬರುವ ಮೊದಲು, ಫಾಂಗ್ ಆಸ್ಪತ್ರೆಗೆ ನಡೆದುಹೋಗಿ ಡಾಕ್ಟರಿಗೆ ಆ ಫೋಟೋ ಕೊಡುತ್ತಾಳೆ. ತನಗೊಬ್ಬ ತಮ್ಮನಿದ್ದಾನೆ, ಸ್ನಾನ ಮಾಡಿಸದೆ ಕಿಟಕಿ ಮುಚ್ಚಿದವಳು ತಾನು, ಮಗು ಮಲಗಿದೆ ಎಂದವಳೂ ತಾನು ಎಂದು ಹೇಳುತ್ತಾಳೆ. ಬಾಯಿ ಬಾರದಿದ್ದರೆ ಈ ಹಾಳೆಗಳನ್ನು ಮೇಜಿನ ಮೇಲಿಟ್ಟು, ಅವರು ಓದಿ ಮುಗಿಸುವವರೆಗೆ ಅಲ್ಲೇ ನಿಲ್ಲುತ್ತಾಳೆ.