ಬರಗೇರಮ್ಮನ ಕೈಯ ಕೊಳೆ

ಮದಕರಿಪುರದ ಬರಗೇರಮ್ಮ ಚಿತ್ರದುರ್ಗದ ಒಂದು ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ತಟ್ಟೆ ತೊಳೆಯಲು ಸೇರಿ ಹನ್ನೊಂದು ವರ್ಷ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ ಕುರಿ ಕಾಯುವ ಮನೆಗೇ ಸೊಸೆಯಾಗಿ ಬಂದವಳು, ಗಂಡ ತೀರಿಕೊಂಡ ಮೇಲೆ ಕಣ್ಣಿಗೆ ಕಾಣದ ಹುಳಗಳ ಚಾಕರಿಗೆ ನಿಂತಳು. ಕುರಿಯಾದರೆ ಕಿವಿ ನೋಡಿ ಗುರುತು ಹಿಡಿಯಬಹುದು, ಇವಕ್ಕೆ ಕಿವಿಯೂ ಇಲ್ಲ ಬಾಲವೂ ಇಲ್ಲ ಎಂಬುದೊಂದೇ ಅವಳ ತಕರಾರು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಹನ್ನೊಂದು ವರ್ಷ ಬಾಯಿ ಮುಚ್ಚಿ, ಕಿವಿ ತೆರೆದು ನೆಲ ಒರೆಸಿದವಳಿಗೆ ಗೊತ್ತಿಲ್ಲದ್ದು ಏನಿರುತ್ತದೆ ಹೇಳಿ.

ಹೋದ ಜೂನ್‌ನಲ್ಲಿ ಲಕ್ಷ್ಮೀಕಾಂತ್ ಮೇಷ್ಟ್ರು ಒಂದು ಬ್ಯಾಕ್ಟೀರಿಯಾದೊಳಗೆ ಎರಡು ಹೊಸ ಜೀನ್ ಸೇರಿಸಿದರು. ಒಂದರಿಂದ ಅದು ನೀಲಿ ದೀಪದ ಕೆಳಗೆ ಹಸಿರಾಗಿ ಹೊಳೆಯುತ್ತದೆ, ಇನ್ನೊಂದರಿಂದ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಹಾಕಿದ ತಟ್ಟೆಯಲ್ಲೂ ಸಾಯದೆ ಬದುಕುತ್ತದೆ. ಅದನ್ನು ಲ್ಯಾಬಿನೊಳಗೇ ಶೇಂಗಾ ಕುಂಡದ ಮಣ್ಣಿಗೆ ಬಿಟ್ಟರು. ಮಣ್ಣಿನ ಬ್ಯಾಕ್ಟೀರಿಯಾಗಳ ಜಾತಿಯೇ ಬೇರೆ, ಈ ಜೀನ್ ಅವಕ್ಕೆ ಹೋಗುವುದಿಲ್ಲ ಎಂದು ಪ್ರಿನ್ಸಿಪಾಲ್ ಶೋಭಾರಾಣಿಯವರ ಎದುರು ಎದೆ ತಟ್ಟಿ ಹೇಳಿ ಬಂದರು.

ಮೂರು ವಾರದ ಮೇಲೆ ಆ ಮಣ್ಣನ್ನು ಔಷಧಿ ತಟ್ಟೆಗೆ ಹಾಕಿ ನೋಡಿದರೆ, ಮೇಷ್ಟ್ರ ನುಣುಪು ಚುಕ್ಕೆಗಳ ಪಕ್ಕದಲ್ಲೇ ಮಣ್ಣಿನದೊಂದು ಸುಕ್ಕುಸುಕ್ಕು ಬ್ಯಾಕ್ಟೀರಿಯಾ ಬೆಳೆದು ಕೂತಿದೆ, ಅದೂ ಹಸಿರಾಗಿ ಹೊಳೆಯುತ್ತಿದೆ. ಮೇಷ್ಟ್ರ ಮುಖ ಕಪ್ಪಿಟ್ಟಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬರಗೇರಮ್ಮ ಸರಿಯಾಗಿ ತೊಳೆದಿಲ್ಲ, ಅವಳ ಕೈಯ ಕೊಳೆ ತಟ್ಟೆ ಸೇರಿದೆ, ಬೇರೆಯವರನ್ನು ನೇಮಿಸಿ ಎಂದು ಅರ್ಜಿ ಬರೆದು, ಅದನ್ನು ಇಡೀ ಕ್ಲಾಸಿನ ಎದುರು ಓದಿ, ಆಫೀಸಿಗೆ ಕೊಟ್ಟೇಬಿಟ್ಟರು.

ಕೆಲಸ ಹೋದರೆ ಹೋಗಲಿ, ಕೊಳಕಿ ಎನ್ನಿಸಿಕೊಂಡು ಹೋಗುವುದು ಬರಗೇರಮ್ಮನಿಗೆ ಸಾಧ್ಯವಿರಲಿಲ್ಲ. ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸಿದಾಗ ಸೆರಗು ಸರಿಮಾಡಿಕೊಂಡು ಕೇಳಿದಳು: "ನನ್ನ ಕೈಯ ಕೊಳೆ ಹಸ್ರಾಗಿ ಹೊಳೀತೈತಾ ಸಾರ್? ಹಂಗಿದ್ರೆ ನಮ್ಮನಿಗೆ ಕರೆಂಟೇ ಬ್ಯಾಡ."

ಶೋಭಾರಾಣಿಯವರು ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡರು. ಜಾತಿ ಬೇರೆ ಇರುವಾಗ ಜೀನ್ ದಾಟಲು ಹೇಗೆ ಸಾಧ್ಯ ಎಂದು ಮೇಷ್ಟ್ರು ಪಾಠ ಶುರುಮಾಡಿದರು. ಬರಗೇರಮ್ಮ ಪಕ್ಕದ ಮನೆ ರಂಗಕ್ಕನ ಕಥೆ ತೆಗೆದಳು. ರಂಗಕ್ಕ ಕುರುಬರ ಮನೆಯ ಒಂದು ತೊಟ್ಟು ನೀರು ಮುಟ್ಟುವವಳಲ್ಲ. ಸಾಲದ್ದಕ್ಕೆ ಬಚ್ಚಲ ನೀರಿನ ಜಗಳವಾಗಿ ಆರು ವರ್ಷದಿಂದ ಮಾತೂ ಇಲ್ಲ. ಆದರೆ ಅವಳ ಮೊಸರು ಕೆಟ್ಟ ದಿನ ಹಿತ್ತಿಲ ಗೋಡೆಯ ಮೇಲೆ ಖಾಲಿ ಲೋಟವೊಂದು ಬಂದು ಕೂರುತ್ತದೆ. ಇವಳು ಒಂದು ಚಮಚ ಹೆಪ್ಪು ಹಾಕುತ್ತಾಳೆ, ಲೋಟ ಮಾಯವಾಗುತ್ತದೆ. ಹೆಪ್ಪು ಕೇಳಿದವರಿಗೆ ಇಲ್ಲ ಅನ್ನಬಾರದು, ಅದು ಅವರೂರ ಪದ್ಧತಿ.

"ಜಾತಿ ನೀರಿಗೆ ಅಡ್ಡ ಬರ್ತೈತೆ ಮೇಡಂ, ಹೆಪ್ಪಿಗೆ ಬರಲ್ಲ. ಆ ಕುಂಡದೊಳಗೂ ಯಾವ್ದೋ ಹುಳ ಗೋಡೆ ಮ್ಯಾಲೆ ಲೋಟ ಇಟ್ಟೈತೆ."

ಕೊನೆಗೆ ತಾನೇ ಪಂದ್ಯ ಕಟ್ಟಿದಳು. ಒಂದು ವಾರ ರಜೆ ಹಾಕಿ ತುರುವನೂರಿನ ಮಗಳು ದಿವ್ಯಾಳ ಮನೆಗೆ ಹೋಗುತ್ತೇನೆ, ಮೇಷ್ಟ್ರೇ ತಟ್ಟೆ ತೊಳೆಯಲಿ, ಮೇಷ್ಟ್ರೇ ಮಣ್ಣು ಹಾಕಲಿ, ಸುಕ್ಕಿನದು ಬರದಿದ್ದರೆ ತಾನು ಮತ್ತೆ ಈ ಬಾಗಿಲು ತುಳಿಯುವುದಿಲ್ಲ ಎಂದಳು.

ಹೇಳುವಾಗ ಇದ್ದ ಧೈರ್ಯ ತುರುವನೂರಿನಲ್ಲಿ ಇರಲಿಲ್ಲ. ಮಗಳು ಹೋಳಿಗೆ ಬಡಿಸಿದರೆ ತಿನ್ನದೆ ಎದ್ದು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಎರಡೆರಡು ಸಲ ತೊಳೆದಳು. ಆ ಹಾಳು ಹುಳ ಈ ಸಲ ಮುನಿಸಿಕೊಂಡರೆ ಗತಿಯೇನು ಎಂದು ದಿನಾ ಮಗಳನ್ನು ಕೇಳುತ್ತಿದ್ದಳು. ಅತ್ತ ಮೇಷ್ಟ್ರು ಎರಡು ತಟ್ಟೆ ಒಡೆದು, ಉಳಿದದ್ದನ್ನು ಮೂರು ಮೂರು ಸಲ ತೊಳೆದು ಬೇಯಿಸಿದರು. ತಮ್ಮ ಬ್ಯಾಕ್ಟೀರಿಯಾ ಬಿಡದ ಕುಂಡದ ಮಣ್ಣನ್ನೂ ಜೊತೆಗಿಟ್ಟರು. ಆ ಕುಂಡದ ತಟ್ಟೆಯಲ್ಲಿ ಹೊಳೆಯುವಂಥದ್ದು ಏನೂ ಬರಲಿಲ್ಲ. ಬ್ಯಾಕ್ಟೀರಿಯಾ ಬಿಟ್ಟ ಕುಂಡದ ತಟ್ಟೆಯಲ್ಲಿ ಸುಕ್ಕಿನದು ಮೊದಲಿಗಿಂತ ಹೆಚ್ಚೇ ಹೊಳೆಯಿತು. ಅದನ್ನು ಬೇರೆ ತೆಗೆದು ಪರೀಕ್ಷಿಸಿದರೆ ಒಳಗಿದ್ದದ್ದು ಅವರದೇ ಜೀನ್.

ಸೋಮವಾರ ಅವಳು ಬಂದಾಗ ಮೇಷ್ಟ್ರು ಆಫೀಸಿನಲ್ಲಿ ಹೊಸ ಅರ್ಜಿ ಹಿಡಿದು ನಿಂತಿದ್ದರು. ಬರಗೇರಮ್ಮನ ಕೆಲಸದಲ್ಲಿ ಕೊಳೆಯಿರಲಿಲ್ಲ, ತಪ್ಪು ನನ್ನದು ಎಂದು ಪ್ರಿನ್ಸಿಪಾಲರಿಗೂ ಅವಳಿಗೂ ಮಾತ್ರ ಕೇಳುವಷ್ಟು ಮೆಲ್ಲಗೆ ಓದಿ ಮಡಚಿದರು.

"ಚೆನ್ನಾಗಿ ಬರ್ದೀರಿ ಸಾರ್," ಎಂದಳು ಬರಗೇರಮ್ಮ. "ನಡೀರಿ, ಕ್ಲಾಸಿಗೆ ಹೋಗಾಣ. ಮೊದಲ್ನೇದು ಅಲ್ಲೇ ಓದಿದ್ರಲ್ಲ."